ಫೋನಿನಲ್ಲಿ ಹೇಳುವುದನ್ನು ಸೈಟಿನಲ್ಲೂ ಹೇಳಿ

(ಸಣ್ಣ ವ್ಯಾಪಾರಿಗಳ ಒಂದು ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತು ನನ್ನ ಪಾಲಿಗೆ ಬಂದಿದೆ, ಅದೂ ಕಂಪ್ಯೂಟರ್ ವಿಷಯ: ಚಾಟ್‌ಜಿಪಿಟಿಯಂಥ ಎಐ ಓದಿ ಸರಿಯಾದ ಉತ್ತರ ಹೇಳುವ ಹಾಗೆ ನಿಮ್ಮ ವೆಬ್‌ಸೈಟ್ ಬರೆಯುವುದು. ತೂಕಡಿಕೆ ಬಂದರೆ ಬೇಜಾರಿಲ್ಲ. ಮೊದಲಿನ ಐದು ನಿಮಿಷ ಮಾತ್ರ ಎಚ್ಚರ ಇರಿ, ತಿರುಳೆಲ್ಲ ಅಲ್ಲೇ ಇದೆ.

ಮಾತಿಗೆ ಒಂದೇ ಒಂದು ಅಂಗಡಿ ಇಟ್ಟುಕೊಳ್ಳೋಣ. ತುಮಕೂರಿನಲ್ಲಿ ಒಂದು ಮರದ ಗಾಣ. ಇದು ನಿಜವಾದ ಅಂಗಡಿ ಅಲ್ಲ, ಮಾತಿಗಾಗಿ ನಾನೇ ಕಟ್ಟಿದ್ದು. ಆದರೆ ಇಂಥ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದೇ ನನ್ನ ಕಸುಬು, ಹಾಗಾಗಿ ಒಳಗಿರುವುದೆಲ್ಲ ಕಂಡದ್ದೇ.

ಆ ಗಾಣದ ಸೈಟ್ ತೆರೆಯಿರಿ. ಮೇಲೆ ದೊಡ್ಡ ಚಿತ್ರ, ತಾನಾಗೇ ಜರುಗುತ್ತಿರುತ್ತದೆ. ಅದರ ಮೇಲೆ 'ಪರಿಶುದ್ಧತೆಯೇ ನಮ್ಮ ಉಸಿರು' ಅಂತ ಬರೆದಿದೆ. ಕೆಳಗೆ 'ಗ್ರಾಹಕರ ಸಂತೃಪ್ತಿಯೇ ನಮ್ಮ ಧ್ಯೇಯ'. ಇನ್ನೂ ಕೆಳಗೆ ಬಾಟಲಿಗಳ ಫೋಟೋ, ಒಂದು ಫೋನ್ ನಂಬರ್. ಮುಗಿಯಿತು. ಈ ಎರಡು ಸಾಲು ಕಿತ್ತು ಸೋಪಿನ ಅಂಗಡಿಗೆ ಹಾಕಿದರೂ ನಡೆಯುತ್ತದೆ, ಟೈಲ್ಸ್ ಅಂಗಡಿಗೆ ಹಾಕಿದರೂ ನಡೆಯುತ್ತದೆ.

ಈಗ ಅದೇ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ಕೂತು ಫೋನ್ ಕೇಳಿಸಿಕೊಳ್ಳಿ. 'ಇವತ್ತು ತೆಗೆದಿದ್ದೀರಾ?' 'ಕೊಬ್ಬರಿ ಎಣ್ಣೆ ಲೀಟರ್ ಎಷ್ಟು?' 'ನಾವೇ ಕಡಲೆಕಾಯಿ ಬೀಜ ತಂದ್ರೆ ಅರೆದು ಕೊಡ್ತೀರಾ? ಎಷ್ಟು ಕೆಜಿ ಇರಬೇಕು?' 'ಹಿಂಡಿ ನಮಗೇ ಕೊಡ್ತೀರಾ?' 'ಕ್ಯಾನು ನಾವೇ ತರಬೇಕಾ?' 'ಬೆಂಗಳೂರಿಗೆ ಪಾರ್ಸೆಲ್ ಮಾಡ್ತೀರಾ?' 'ತಳದಲ್ಲಿ ಗಸಿ ಕೂತಿದೆಯಲ್ಲ, ಎಣ್ಣೆ ಕೆಟ್ಟಿದೆಯಾ?' ಯಜಮಾನರು ಒಂದೊಂದಕ್ಕೂ ಸಮಾಧಾನವಾಗಿ ಉತ್ತರ ಕೊಡುತ್ತಾರೆ. ಬೆಳಿಗ್ಗೆಯಿಂದ ಸಂಜೆವರೆಗೆ ಅದೇ ಉತ್ತರ. ಅದರಲ್ಲಿ ಒಂದಾದರೂ ಸೈಟಿನಲ್ಲಿದೆಯಾ? ಇಲ್ಲ.

ನಾನು ಹೇಳಬೇಕಾದದ್ದು ಇಷ್ಟೇ. ನಿಮ್ಮ ವ್ಯಾಪಾರದ ಮಾಹಿತಿಯೆಲ್ಲ ನಿಮ್ಮ ಬಾಯಲ್ಲಿದೆ, ಸೈಟಿನಲ್ಲಿರುವುದು ಬರೀ ಘೋಷಣೆ. ಎಐ ನಿಮ್ಮ ಫೋನ್ ಮಾತು ಕೇಳುವುದಿಲ್ಲ. ಸೈಟಿನಲ್ಲಿ ಅಕ್ಷರವಾಗಿ ಇರುವುದನ್ನು ಓದುತ್ತದೆ, ಅಷ್ಟೆ. ಇನ್ನು ತೂಕಡಿಸುವವರು ತೂಕಡಿಸಬಹುದು.

ಈ ಮಾತು ಈಗ ಯಾಕೆ ಬಂತು ಅಂದರೆ, ಜನ ಕೇಳುವ ರೀತಿಯೇ ಬದಲಾಗಿದೆ. ಮೊದಲು ಗೂಗಲ್‌ನಲ್ಲಿ ಮೂರು ಪದ ಒತ್ತುತ್ತಿದ್ದರು, 'ಗಾಣದ ಎಣ್ಣೆ ತುಮಕೂರು' ಅಂತ. ಹತ್ತು ಹೆಸರು ಬರುತ್ತಿತ್ತು. ಅದರಲ್ಲಿ ಯಾರಿಗಾದರೂ ಫೋನ್ ಹಚ್ಚಿ ಉಳಿದದ್ದನ್ನು ಕೇಳಿಕೊಳ್ಳುತ್ತಿದ್ದರು. ಈಗ ಚಾಟ್‌ಜಿಪಿಟಿಯನ್ನೋ ಜೆಮಿನಿಯನ್ನೋ ಮನುಷ್ಯರನ್ನು ಕೇಳಿದ ಹಾಗೆ ಕೇಳುತ್ತಾರೆ: 'ತುಮಕೂರಿನ ಹತ್ತಿರ ನಮ್ಮದೇ ಕಡಲೆಕಾಯಿ ಅರೆದು ಕೊಡುವ ಮರದ ಗಾಣ ಇದೆಯಾ, ಭಾನುವಾರ ತೆಗೆದಿರಬೇಕು, ನಮ್ಮ ಹತ್ತಿರ ಹದಿನೈದು ಕೆಜಿ ಬೀಜ ಇದೆ.' ಮೂರು ಷರತ್ತು ಒಂದೇ ಉಸಿರಿನಲ್ಲಿ. ಎಐ ಒಂದಷ್ಟು ಪುಟ ತೆರೆದು, ಈ ಮೂರಕ್ಕೂ ಉತ್ತರ ಕೊಡುವ ಸಾಲು ಎಲ್ಲಿದೆ ಅಂತ ಹುಡುಕುತ್ತದೆ. 'ಪರಿಶುದ್ಧತೆಯೇ ಉಸಿರು' ಆ ಮೂರರಲ್ಲಿ ಯಾವುದಕ್ಕೂ ಉತ್ತರ ಅಲ್ಲವಲ್ಲ. ಹಾಗಾಗಿ ನಿಮ್ಮನ್ನು ದಾಟಿ ಮುಂದೆ ಹೋಗುತ್ತದೆ. ಕೆಲವೊಮ್ಮೆ ಇನ್ನೂ ಕೆಟ್ಟದ್ದು ಆಗುತ್ತದೆ. ನಿಮ್ಮ ಹೆಸರು ಹೇಳಿ, ಗೊತ್ತಿಲ್ಲದ ಜಾಗಕ್ಕೆ ಅಂದಾಜು ತುಂಬಿ, ಭಾನುವಾರ ತೆರೆದಿರುತ್ತದೆ ಅಂತ ಹೇಳಿಬಿಡುತ್ತದೆ. ಗಿರಾಕಿ ಹದಿನೈದು ಕೆಜಿ ಹೊತ್ತು ಬಂದು ಬಾಗಿಲು ಹಾಕಿದ್ದು ನೋಡಿ ಬೈಯುವುದು ನಿಮ್ಮನ್ನೇ, ಎಐಯನ್ನಲ್ಲ.

ಎಐ ನಿಮ್ಮ ಸೈಟನ್ನು ಓದುವುದು ಎರಡು ಸಂದರ್ಭದಲ್ಲಿ. ಒಂದು, ಮಾದರಿಗೆ, ಅಂದರೆ ಎಐನ ಮಿದುಳಿನಂಥ ತಂತ್ರಾಂಶಕ್ಕೆ, ತರಬೇತಿ ಕೊಡುವಾಗ. ಆಗ ಇಡೀ ಜಾಲದ ಪುಟಗಳನ್ನು ರಾಶಿ ಹಾಕಿಕೊಳ್ಳುತ್ತಾರೆ. ಕಾಮನ್ ಕ್ರಾಲ್ ಎಂಬ ಸಂಸ್ಥೆ 2007ರಲ್ಲಿ ಹುಟ್ಟಿದ್ದೇ ಹೀಗೆ ಜಾಲದ ಪುಟ ಕೂಡಿಡುವುದಕ್ಕೆ. ಆ ರಾಶಿಯಲ್ಲಿ ನಮ್ಮ ಗಾಣದ ಪುಟ ಇದ್ದರೂ ಅದರ ಗುರುತು ಮಾದರಿಯ ನೆನಪಿನಲ್ಲಿ ಉಳಿಯುವುದು ಕಷ್ಟ. ಉಳಿದರೂ ಅದು ಹಳೇ ಬೆಲೆ, ಹಳೇ ವೇಳೆ. ಇನ್ನೊಂದು, ಗಿರಾಕಿ ಪ್ರಶ್ನೆ ಕೇಳಿದ ಆ ಗಳಿಗೆಯಲ್ಲೇ ಹೋಗಿ ಓದಿ ಬರುವುದು. ಸಣ್ಣ ಅಂಗಡಿಗೆ ಲಾಭ ಇರುವುದು ಈ ಎರಡನೆಯದರಲ್ಲಿ. ಇವತ್ತು ಪುಟ ತಿದ್ದಿದರೆ ಅದರ ಗುಣ ಕಾಣುವುದೂ ಇಲ್ಲೇ.

ಸರಿ, ಹಾಗಾದರೆ ಏನು ಬರೆಯಬೇಕು? ಒಂದು ವಾರ ಗಲ್ಲಾಪೆಟ್ಟಿಗೆ ಮೇಲೆ ಒಂದು ನೋಟ್‌ಬುಕ್ ಇಡಿ. ಫೋನಿನಲ್ಲಿ ಬಂದ ಪ್ರಶ್ನೆ, ವಾಟ್ಸಾಪ್‌ನಲ್ಲಿ ಬಂದ ಪ್ರಶ್ನೆ, ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆ, ಎಲ್ಲವನ್ನೂ ಅವರ ಮಾತಿನಲ್ಲೇ ಗೀಚಿಕೊಳ್ಳಿ. ಪಕ್ಕದಲ್ಲಿ ನೀವು ಕೊಟ್ಟ ಉತ್ತರ. ವಾರದ ಕೊನೆಗೆ ನಿಮ್ಮ ಸೈಟಿನ ಹೊಸ ಪುಟ ಸಿದ್ಧವಾಗಿರುತ್ತದೆ. ಯಾವ ಏಜೆನ್ಸಿಯೂ ನಿಮಗಿಂತ ಚೆನ್ನಾಗಿ ಇದನ್ನು ಬರೆಯಲಾರದು, ಯಾಕೆಂದರೆ ಅವರಿಗೆ ಈ ಫೋನ್ ಬರುವುದಿಲ್ಲ.

ನಮ್ಮ ಗಾಣದ ಪುಟ ಹೀಗಾಗುತ್ತದೆ ನೋಡಿ. ಓದುತ್ತೇನೆ:

'ನೀವೇ ತಂದ ಕಡಲೆಕಾಯಿ ಬೀಜ, ಕೊಬ್ಬರಿ, ಎಳ್ಳು ನಮ್ಮ ತುಮಕೂರಿನ ಮರದ ಗಾಣದಲ್ಲಿ ಅರೆದು ಕೊಡುತ್ತೇವೆ. ಒಂದು ಸಲಕ್ಕೆ ಕನಿಷ್ಠ 10 ಕೆಜಿ ಬೇಕು. ಬೀಜ ಚೆನ್ನಾಗಿ ಒಣಗಿರಬೇಕು, ಕಲ್ಲು ಮಣ್ಣು ಆರಿಸಿರಬೇಕು. ಹಿಂಡಿ ನಿಮಗೇ ಸೇರುತ್ತದೆ, ಬೇಡವಾದರೆ ಅದರ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುತ್ತೇವೆ. ಕ್ಯಾನ್ ನೀವೇ ತರಬೇಕು. ಭಾನುವಾರ ಮಧ್ಯಾಹ್ನ 1 ಗಂಟೆವರೆಗೆ ತೆರೆದಿರುತ್ತದೆ, ಮಂಗಳವಾರ ರಜ. ಬರುವ ಹಿಂದಿನ ದಿನ ಫೋನ್ ಮಾಡಿ ಸರದಿ ಹಿಡಿಯಿರಿ.'

ಇದರಲ್ಲಿ ಒಂದು ಅಲಂಕಾರದ ಪದ ಇಲ್ಲ. ಆದರೆ ಹದಿನೈದು ಕೆಜಿಯವನ ಮೂರು ಷರತ್ತಿಗೂ ಉತ್ತರ ಇದೆ. ಗಸಿಯ ಪ್ರಶ್ನೆಗೂ ಹೀಗೇ ಎರಡು ಸಾಲು ಬರೆಯಿರಿ: 'ಗಾಣದ ಎಣ್ಣೆಯನ್ನು ನಾವು ರಿಫೈನ್ ಮಾಡುವುದಿಲ್ಲ, ಕೆಲವು ದಿನ ತಿಳಿಯಾಗಲು ಬಿಟ್ಟು ಸೋಸುತ್ತೇವೆ. ತಳದಲ್ಲಿ ಸ್ವಲ್ಪ ಗಸಿ ಕೂರುವುದು ಸಹಜ.' ಒಂದು ಕೆಜಿ ಬೀಜಕ್ಕೆ ಎಷ್ಟು ಎಣ್ಣೆ ಅಂತಲೂ ಕೇಳುತ್ತಾರೆ. ಕಡಲೆಕಾಯಿ ಬೀಜದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆ ಇದ್ದರೂ ಮರದ ಗಾಣದಲ್ಲಿ ಅಷ್ಟೂ ಇಳಿಯುವುದಿಲ್ಲ, ಒಂದಷ್ಟು ಹಿಂಡಿಯಲ್ಲೇ ಉಳಿಯುತ್ತದೆ. ನಿಮ್ಮ ಗಾಣದ ಅನುಭವದಲ್ಲಿ ಎಷ್ಟು ಇಳಿಯುತ್ತದೋ ಅದನ್ನೇ ಬರೆಯಿರಿ. ಎಣ್ಣೆ ಕದ್ದರು ಅನ್ನುವ ಅನುಮಾನವೂ ತಪ್ಪುತ್ತದೆ, ಅದು ಬೇರೆ ಲಾಭ.

ಬರೆಯುವಾಗ ಒಂದು ಸೂಕ್ಷ್ಮ ಇದೆ. ಈ ವ್ಯವಸ್ಥೆಗಳು ಎಷ್ಟೋ ಸಲ ಇಡೀ ಪುಟವನ್ನು ಒಟ್ಟಿಗೆ ನೋಡುವುದಿಲ್ಲ, ತುಂಡು ತುಂಡು ಮಾಡಿಕೊಂಡು ಬೇಕಾದ ತುಂಡನ್ನು ಎತ್ತಿಕೊಳ್ಳುತ್ತವೆ. ಹಾಗಾಗಿ ಒಂದೊಂದು ಪ್ಯಾರಾವೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. 'ದರ' ಅಂತ ಮಾತ್ರ ತಲೆಬರಹ ಕೊಟ್ಟರೆ ಯಾವುದರ ದರ? 'ಗಾಣದ ಕೊಬ್ಬರಿ ಎಣ್ಣೆಯ ದರ' ಅನ್ನಿ. 'ಮೇಲಿನಂತೆ', 'ಅದೇ ಬೆಲೆ' ಬೇಡ. ಲೆಕ್ಕದ ಪುಸ್ತಕದಲ್ಲಿ ಹಾಕುತ್ತೇವಲ್ಲ, ಡಿಟ್ಟೊ ಗುರುತು, ಅದಂತೂ ಬೇಡವೇ ಬೇಡ. ದರ ಬರೆದ ಕಡೆ ತಾರೀಕು ಹಾಕಿ, 'ಈ ದರ ಇಂಥ ದಿನದಿಂದ' ಅಂತ. ಕೊಬ್ಬರಿ ಬೆಲೆ ಹೇಗೆ ಕುಣಿಯುತ್ತದೆ ಅಂತ ತುಮಕೂರಿನವರಿಗೆ, ಪಕ್ಕದ ತಿಪಟೂರಿನವರಿಗೆ ನಾನು ಹೇಳಬೇಕಾಗಿಲ್ಲ. ತಾರೀಕು ಇಲ್ಲದ ದರವನ್ನು ಎಐ ಇವತ್ತಿನದು ಅಂದುಕೊಂಡು ಹೇಳುತ್ತದೆ.

ಈಗ ದರದ ಬೋರ್ಡಿನ ಫೋಟೋಗೆ ಬರೋಣ. ನಮ್ಮಲ್ಲಿ ಬಹಳ ಜನ ಮಾಡುವುದು ಇದನ್ನೇ. ಬೋರ್ಡ್ ಬರೆಸಿ, ಮೊಬೈಲಲ್ಲಿ ಹೊಡೆದು, ಸೈಟಿಗೆ ಹಾಕುವುದು. ನೋಡುವವರಿಗೆ ಕಾಣುತ್ತದೆ, ಸರಿ. ಈಗಿನ ಎಐಗೆ ಚಿತ್ರ ತೋರಿಸಿದರೆ ಓದುತ್ತದೆ, ಅದೂ ನಿಜ. ಆದರೆ ಪ್ರಶ್ನೆ ಬಂದಾಗ ಜಾಲದಲ್ಲಿ ಹುಡುಕುವ ಬಾಟ್, ಅಂದರೆ ತಾನಾಗೇ ಪುಟ ತೆರೆದು ಓದುವ ತಂತ್ರಾಂಶ, ಮುಖ್ಯವಾಗಿ ಅಕ್ಷರ ಎತ್ತಿಕೊಂಡು ಹೋಗುತ್ತದೆ, ನಿಮ್ಮ ಫೋಟೋ ಬಿಚ್ಚಿ ಓದುತ್ತದೆ ಅಂತ ನಂಬಿ ಕೂರುವಂತಿಲ್ಲ. ಫೋಟೋ ಇರಲಿ, ಅದರ ಕೆಳಗೆ ಅದೇ ದರಗಳನ್ನು ಟೈಪ್ ಮಾಡಿ. ಕ್ಯಾಟಲಾಗ್ ಪೂರ್ತಿ ವಾಟ್ಸಾಪ್‌ನಲ್ಲಿದೆ ಅನ್ನುವವರಿಗೂ ಇದೇ ಮಾತು. ಲಾಗಿನ್ ಕೇಳುವ ಜಾಗದ ಒಳಗೆ ಈ ಬಾಟ್‌ಗಳು ಬರುವುದಿಲ್ಲ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದೇ ಇಲ್ಲ. ಕೆಲವು ಸೈಟ್‌ಗಳಲ್ಲಿ ಪುಟ ಮೊದಲು ಖಾಲಿ ಬರುತ್ತದೆ, ಆಮೇಲೆ ಜಾವಾಸ್ಕ್ರಿಪ್ಟ್ ಎಂಬ ಕೋಡ್ ಓಡಿ ಒಳಗಿನದನ್ನು ತುಂಬುತ್ತದೆ. ನಮ್ಮ ಬ್ರೌಸರ್ ಅದನ್ನು ಗಳಿಗೆಯಲ್ಲಿ ಮಾಡಿಬಿಡುವುದರಿಂದ ನಮಗೆ ಗೊತ್ತಾಗುವುದಿಲ್ಲ. ಗೂಗಲ್‌ನ ಬಾಟ್ ಕೂಡ ಜಾವಾಸ್ಕ್ರಿಪ್ಟ್ ಓಡಿಸಿ ನೋಡುತ್ತದೆ. ಆದರೆ ವರ್ಸೆಲ್ ಎಂಬ ಹೋಸ್ಟಿಂಗ್ ಕಂಪನಿ ತನ್ನ ಜಾಲದಲ್ಲಿ ಓಡಾಡುವ ಬಾಟ್‌ಗಳನ್ನು ಗಮನಿಸಿ 2024ರ ಡಿಸೆಂಬರ್‌ನಲ್ಲಿ ಬರೆದ ಪ್ರಕಾರ, ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಮತ್ತು ಕ್ಲಾಡ್ ಎಂಬ ಎಐ ಮಾಡಿದ ಆಂಥ್ರೊಪಿಕ್ ಕಂಪನಿಗಳ ಬಾಟ್‌ಗಳು ಆ ಫೈಲುಗಳನ್ನು ತರಿಸಿಕೊಂಡರೂ ಓಡಿಸುತ್ತಿರಲಿಲ್ಲ. ಅಂದರೆ ಅವುಗಳ ಪಾಲಿಗೆ ನಿಮ್ಮ ಪುಟ ಖಾಲಿ ಹಾಳೆ. ಪರೀಕ್ಷೆ ಮಾಡುವುದು ಸುಲಭ. ಕಂಪ್ಯೂಟರಿನಲ್ಲಿ ಸೈಟ್ ತೆರೆದು ಕಂಟ್ರೋಲ್ ಹಿಡಿದು 'ಯು' ಒತ್ತಿ. ಪುಟದ ಮೂಲ ರೂಪ ಬರುತ್ತದೆ, ನೋಡಿ ಹೆದರಬೇಡಿ. ಅಲ್ಲಿ ಕಂಟ್ರೋಲ್ 'ಎಫ್' ಒತ್ತಿ 'ಕೊಬ್ಬರಿ' ಅಂತ ಹುಡುಕಿ, ನಿಮ್ಮ ಫೋನ್ ನಂಬರ್ ಹುಡುಕಿ. ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಸೈಟ್ ಮಾಡಿಕೊಟ್ಟವರಿಗೆ ಫೋನ್ ಮಾಡಿ, 'ಮಾಹಿತಿ ಮೊದಲ ಎಚ್‌ಟಿಎಂಎಲ್‌ನಲ್ಲೇ ಬರಬೇಕು' ಅನ್ನಿ. ಅವರಿಗೆ ಅರ್ಥವಾಗುತ್ತದೆ.

ಈಗ ಕನ್ನಡದ್ದೇ ಆದ ಒಂದು ತೊಂದರೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ತಗೊಳ್ಳುತ್ತೇನೆ, ಇಂಗ್ಲಿಷ್‌ನಲ್ಲಿ ಈ ವಿಷಯ ಬರೆಯುವವರು ಯಾರೂ ಇದನ್ನು ಹೇಳುವುದಿಲ್ಲ.

ನಿಮ್ಮಲ್ಲಿ ಬಹಳ ಜನ ಪಾಂಪ್ಲೆಟ್ ಮಾಡಿಸಿರುತ್ತೀರಿ. ಡಿಟಿಪಿ ಸೆಂಟರಿನವರು ಅದನ್ನು 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಹಳೇ ರೀತಿ ಟೈಪ್ ಮಾಡಿಕೊಟ್ಟಿರುತ್ತಾರೆ. ಅದೇ ಫೈಲನ್ನು ಪಿಡಿಎಫ್ ಮಾಡಿ ಸೈಟಿಗೆ ಹಾಕಿದಿರಿ. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಒಳಗೆ ಏನಿದೆ ಗೊತ್ತಾ? ಆ ಹಳೇ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದವು. 'ಕನ್ನಡ' ಅಂತ ನೀವು ನೋಡುತ್ತಿರುವ ಪದ ಕಂಪ್ಯೂಟರಿನ ಒಳಗೆ ಇಂಗ್ಲಿಷಿನ 'ಪಿ', ತಲೆ ಮೇಲೆ ಗೀಟು ಇರುವ ಒಂದು 'ಎ', ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ 'ಎ', ಒಂದು ಜರ್ಮನ್ ಅಕ್ಷರ, ಒಂದು 'ಕ್ಯು', ಮತ್ತೊಂದು 'ಎ'. ಫಾಂಟ್ ಹಾಕಿದರೆ ಕನ್ನಡ, ಫಾಂಟ್ ತೆಗೆದರೆ ಕಸ. ಬಾಟ್ ಫಾಂಟ್ ಹಾಕಿಕೊಂಡು ಓದುವುದಿಲ್ಲವಲ್ಲ. ಅದಕ್ಕೆ ಸಿಗುವುದು ಆ ಕಸ.

ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಕೊಡುವ ಪದ್ಧತಿಗೆ ಯೂನಿಕೋಡ್ ಅನ್ನುತ್ತಾರೆ. ಅದರಲ್ಲಿ ಕನ್ನಡಕ್ಕೆ ತನ್ನದೇ ಜಾಗ ಇದೆ, 1991ರಲ್ಲಿ ಬಂದ ಮೊದಲ ಆವೃತ್ತಿಯಿಂದಲೇ ಇದೆ. ಮೊಬೈಲಿನಲ್ಲಿ ನೀವು ಟೈಪ್ ಮಾಡುವುದೆಲ್ಲ ಯೂನಿಕೋಡೇ. ಈಗಿನ ನುಡಿ, ಬರಹ ತಂತ್ರಾಂಶಗಳಲ್ಲೂ ಯೂನಿಕೋಡ್ ಇದೆ. ಹಾಗಾಗಿ ಅವುಗಳನ್ನು ಬೈಯಬೇಡಿ, ಕಂಪ್ಯೂಟರಿಗೆ ಕನ್ನಡ ಬರದ ಕಾಲದಲ್ಲಿ ನಮ್ಮ ಕೈ ಹಿಡಿದದ್ದು ಅವೇ. ತೊಂದರೆ ಇರುವುದು ಹಳೇ ಫೈಲುಗಳಲ್ಲಿ, ಹಳೇ ಅಭ್ಯಾಸದಲ್ಲಿ. ನಿಮ್ಮ ಪಿಡಿಎಫ್ ತೆರೆದು ಒಂದು ಸಾಲು ಕಾಪಿ ಮಾಡಿ, ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ಕನ್ನಡವೇ ಬಂದರೆ ಸರಿ. ಪೌಂಡ್ ಚಿಹ್ನೆ, ಗೀಟಿನ ಅಕ್ಷರ ಬಂದರೆ ಇಡೀ ಫೈಲ್ ಎಐ ಪಾಲಿಗೆ ಇಲ್ಲದ ಹಾಗೇ. ಹಳೇ ನುಡಿ ಅಕ್ಷರವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಒಮ್ಮೆ ಪೂರ್ತಿ ಓದಿ, ಒತ್ತಕ್ಷರ, ಅರ್ಕಾವೊತ್ತು ಆಚೀಚೆ ಆಗಿರುತ್ತದೆ.

ಹಾಗೇ ಅನುವಾದದ ಬಟನ್. ಸೈಟ್ ಇಂಗ್ಲಿಷ್‌ನಲ್ಲಿದೆ, ಮೂಲೆಯಲ್ಲಿ 'ಕನ್ನಡ' ಅಂತ ಒಂದು ಬಟನ್, ಒತ್ತಿದರೆ ಕನ್ನಡ ಆಗುತ್ತದೆ. ಅಂಥ ಬಟನ್ ಬಹುತೇಕ ನಿಮ್ಮ ಬ್ರೌಸರಿನ ಒಳಗೆ ಆ ಕ್ಷಣಕ್ಕೆ ಅನುವಾದ ಮಾಡುತ್ತದೆ. ಬಾಟ್ ಬಟನ್ ಒತ್ತುವುದಿಲ್ಲ. ಕನ್ನಡ ಪುಟ ಬೇಕಿದ್ದರೆ ಅದಕ್ಕೆ ಬೇರೆ ವಿಳಾಸ ಕೊಟ್ಟು ಬೇರೆಯಾಗಿ ಬರೆಯಿರಿ, ಪುಟದ ಭಾಷೆ ಕನ್ನಡ ಅಂತ ಕೋಡಿನಲ್ಲಿ ಗುರುತು ಹಾಕಿಸಿ. ಎರಡೂ ಭಾಷೆಯಲ್ಲಿ ಇಡುವುದು ಒಳ್ಳೆಯದು. ಬೆಂಗಳೂರಿನಲ್ಲಿರುವ ಗಿರಾಕಿ ಇಂಗ್ಲಿಷಿನಲ್ಲಿ ಕೇಳುತ್ತಾನೆ, ಅವನ ತಾಯಿ ಕನ್ನಡದಲ್ಲಿ ಕೇಳುತ್ತಾರೆ.

ಹೆಸರುಗಳ ವಿಷಯದಲ್ಲಿ ಧಾರಾಳವಾಗಿರಿ. ತುಮಕೂರಿನಲ್ಲಿ ಕಡಲೆಕಾಯಿ, ಗದಗದಲ್ಲಿ ಶೇಂಗಾ, ಮಂಗಳೂರು ಕಡೆ ನೆಲಕಡಲೆ. ಹುಚ್ಚೆಳ್ಳು ಗದಗದ ಕಡೆ ಗುರೆಳ್ಳು. ಪುಟದಲ್ಲಿ ಒಂದೊಂದು ಸಲವಾದರೂ ಎಲ್ಲ ಹೆಸರೂ ಬರಲಿ. ಊರಿನ ಹೆಸರೂ ಅಷ್ಟೇ. 2014ರ ನವೆಂಬರ್ 1ರಂದು ನಮ್ಮ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು, ತುಮಕೂರೂ ಅದರಲ್ಲಿ ಒಂದು. ಜನ ಇನ್ನೂ ಹಳೇ ರೀತಿಯಲ್ಲೇ ಇಂಗ್ಲಿಷಿನಲ್ಲಿ ಬರೆಯುತ್ತಾರೆ, ಹಾಗಾಗಿ ಇಂಗ್ಲಿಷ್ ಪುಟದಲ್ಲಿ ಎರಡೂ ಇರಲಿ. ವಿಜಯಪುರದವರು ಯಾರಾದರೂ ಇದ್ದೀರಾ? ನಿಮಗೆ ಇನ್ನೊಂದು ತಾಪತ್ರಯ. ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇದೆ. ಜಿಲ್ಲೆ, ಪಿನ್‌ಕೋಡ್ ಎರಡನ್ನೂ ಬಿಡದೆ ಬರೆಯಿರಿ, ಇಲ್ಲದಿದ್ದರೆ ಗಿರಾಕಿಯನ್ನು ಎಲ್ಲಿಗೆ ಕಳಿಸುತ್ತದೋ ಹೇಳಲಾಗದು.

ಇನ್ನು ತಾಂತ್ರಿಕ ಸಂಗತಿ. ಬೇಗ ಮುಗಿಸುತ್ತೇನೆ.

ಪ್ರತಿ ಸೈಟಿನಲ್ಲೂ 'ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ' ಅಂತ ಒಂದು ಸಣ್ಣ ಫೈಲ್ ಇರಬಹುದು. ಮಾರ್ಟಿನ್ ಕೋಸ್ಟರ್ ಎಂಬುವರು 1994ರಲ್ಲಿ ಹುಟ್ಟುಹಾಕಿದ ಪದ್ಧತಿ, ಅಧಿಕೃತ ಮಾನದಂಡವಾಗಿ ದಾಖಲಾಗಿದ್ದು 2022ರಲ್ಲಿ. ಯಾವ ಬಾಟ್ ಒಳಗೆ ಬರಬಹುದು, ಯಾವುದು ಬರಬಾರದು ಅಂತ ಅದರಲ್ಲಿ ಬರೆಯುತ್ತಾರೆ. ಗೇಟಿಗೆ ನೇತು ಹಾಕಿದ ಬೋರ್ಡ್ ಇದ್ದ ಹಾಗೆ, ಬೀಗ ಅಲ್ಲ. ಮರ್ಯಾದಸ್ಥ ಬಾಟ್‌ಗಳು ಓದಿ ನಡೆದುಕೊಳ್ಳುತ್ತವೆ. ಓಪನ್‌ಎಐಗೆ ತರಬೇತಿಯ ಬಾಟ್ ಬೇರೆ, ಹುಡುಕಾಟದ ಬಾಟ್ ಬೇರೆ. ಮೊದಲನೆಯದರ ಹೆಸರು ಜಿಪಿಟಿಬಾಟ್, ಎರಡನೆಯದು ಓಎಐ-ಸರ್ಚ್‌ಬಾಟ್. ನನ್ನ ಬರಹ ತರಬೇತಿಗೆ ಬೇಡ, ಉತ್ತರದಲ್ಲಿ ಮಾತ್ರ ಕಾಣಲಿ ಅನ್ನುವವರು ಒಂದನ್ನು ತಡೆದು ಇನ್ನೊಂದನ್ನು ಬಿಡಬಹುದು. ಪತ್ರಿಕೆಯವರಿಗೆ, ಬರಹಗಾರರಿಗೆ ತಡೆಯಲು ಕಾರಣ ಇದೆ, ಅವರ ಸರಕೇ ಬರಹ. ಎಣ್ಣೆ ಮಾರುವವರು ಯಾಕೆ ತಡೆಯಬೇಕು ಅಂತ ನನಗಂತೂ ಕಾಣುವುದಿಲ್ಲ.

ಆದರೆ ನಿಮಗೇ ಗೊತ್ತಿಲ್ಲದೆ ತಡೆದಿರಬಹುದು. ಎಷ್ಟೋ ಸೈಟ್‌ಗಳ ಮುಂದೆ ಕಾವಲಿಗೆ ಇರುವ ಕ್ಲೌಡ್‌ಫ್ಲೇರ್ ಕಂಪನಿ, ಹೊಸದಾಗಿ ಸೇರುವ ಸೈಟ್‌ಗಳಿಗೆ ಎಐ ಬಾಟ್‌ಗಳನ್ನು ಮೊದಲಿನಿಂದಲೇ ತಡೆಯುವ ನಿರ್ಧಾರವನ್ನು 2025ರ ಜುಲೈ 1ರಂದು ಪ್ರಕಟಿಸಿತು. ಒಳ್ಳೆಯ ಉದ್ದೇಶವೇ. ಆದರೆ ಆ ಸ್ವಿಚ್ ನಿಮ್ಮ ಸೈಟಿನಲ್ಲಿ ಹೇಗಿದೆ ಅಂತ ಕೇಳಿ ತಿಳಿದುಕೊಳ್ಳಿ. ಪುಟವನ್ನು ಎಷ್ಟು ಚೆನ್ನಾಗಿ ಬರೆದರೂ ಬಾಗಿಲಲ್ಲೇ ವಾಪಸ್ ಕಳಿಸುತ್ತಿದ್ದರೆ ಏನು ಪ್ರಯೋಜನ?

ಸ್ಕೀಮಾ ಅಂತ ಇನ್ನೊಂದಿದೆ. 2011ರಲ್ಲಿ ಗೂಗಲ್, ಬಿಂಗ್, ಯಾಹೂ ಸೇರಿ ಶುರು ಮಾಡಿದ್ದು. ಇದು ಅಂಗಡಿ, ಇದು ಅದರ ಹೆಸರು, ಇದು ಪಿನ್‌ಕೋಡ್, ಸೋಮವಾರ ಇಷ್ಟರಿಂದ ಇಷ್ಟು ಹೊತ್ತು ಅಂತ ಯಂತ್ರಕ್ಕೆ ಗೊಂದಲ ಆಗದ ಹಾಗೆ ಪುಟದ ಒಳಗೆ ಬರೆದಿಡುವ ರೀತಿ. ಮಾಡಿಸಿ, ಅರ್ಧ ಗಂಟೆ ಕೆಲಸ. ಆದರೆ ಅದರಲ್ಲಿರುವ ವೇಳೆ, ಪುಟದಲ್ಲಿರುವ ವೇಳೆ, ಗೂಗಲ್ ಮ್ಯಾಪಿನಲ್ಲಿರುವ ವೇಳೆ ಮೂರೂ ಒಂದೇ ಇರಬೇಕು. ಮೂರು ಕಡೆ ಮೂರು ಇದ್ದರೆ ಎಐ ಯಾವುದನ್ನು ನಂಬಬೇಕು? ಹಳೇ ಡೈರೆಕ್ಟರಿಗಳಲ್ಲಿ ಹಳೇ ನಂಬರ್ ಉಳಿದಿದ್ದರೆ ಅದನ್ನೂ ತೆಗೆಸಿ.

ಎಲ್‌ಎಲ್‌ಎಂಎಸ್ ಡಾಟ್ ಟಿಎಕ್ಸ್‌ಟಿ ಎಂಬ ಫೈಲ್ ಬಗ್ಗೆ ನಿಮಗೆ ಫೋನ್ ಬಂದಿರಬಹುದು. ಜೆರೆಮಿ ಹೊವರ್ಡ್ ಎಂಬ ಎಐ ಸಂಶೋಧಕರು 2024ರ ಸೆಪ್ಟೆಂಬರ್‌ನಲ್ಲಿ ಮುಂದಿಟ್ಟ ಸಲಹೆ ಅದು, ಸೈಟಿನ ಸಾರವನ್ನು ಎಐಗೆ ಅಂತಲೇ ಒಂದು ಸರಳ ಫೈಲಿನಲ್ಲಿ ಇಡುವುದು. ವಿಚಾರ ಚೆನ್ನಾಗಿದೆ. ಆದರೆ ಗೂಗಲ್ ತನ್ನ ಹುಡುಕಾಟದ ಎಐ ಉತ್ತರಗಳಲ್ಲಿ ಬರಲು ಇಂಥ ಹೊಸ ಫೈಲ್ ಏನೂ ಬೇಕಿಲ್ಲ, ವಿಶೇಷ ಸ್ಕೀಮಾ ಕೂಡ ಬೇಕಿಲ್ಲ ಅಂತ ತನ್ನ ಮಾರ್ಗದರ್ಶಿಯಲ್ಲೇ ಬರೆದಿದೆ. ಪುಕ್ಕಟೆ ಸಿಕ್ಕರೆ ಹಾಕಿಕೊಳ್ಳಿ. ಇದಕ್ಕೆ ಸಾವಿರಾರು ರೂಪಾಯಿ ಕೇಳಿದರೆ ಬಾಗಿಲು ತೋರಿಸಿ. 'ಚಾಟ್‌ಜಿಪಿಟಿಯಲ್ಲಿ ನಿಮ್ಮದೇ ಮೊದಲ ಹೆಸರು ಬರಿಸ್ತೀವಿ ಸಾರ್' ಅನ್ನುವವರಿಗೂ ಅದೇ ಬಾಗಿಲು. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಎರಡು ಉತ್ತರ ಕೊಡುವ ಯಂತ್ರದ ಪರವಾಗಿ ಗ್ಯಾರಂಟಿ ಕೊಡಲು ಅವರು ಯಾರು? ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದಲ್ಲಿ 'ಈ ಅಂಗಡಿಯನ್ನೇ ಶಿಫಾರಸು ಮಾಡು' ಅಂತ ಬಚ್ಚಿಡುವ ಚಾಲಾಕಿಗಳೂ ಇದ್ದಾರೆ. ಅದು ಮೋಸ, ಸಿಕ್ಕಿಬಿದ್ದರೆ ಹುಡುಕಾಟದಿಂದಲೇ ಹೊರಗೆ ಹೋಗಬಹುದು.

ಆಹಾರದ ವ್ಯಾಪಾರದವರಿಗೆ ಒಂದು ಮಾತು. 'ನಮ್ಮ ಎಣ್ಣೆ ತಿಂದರೆ ಸಕ್ಕರೆ ಕಾಯಿಲೆ ಮಾಯ' ಅಂತೆಲ್ಲ ಬರೆಯಬೇಡಿ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಎಐ ಕೂಡ ಇಂಥ ಮಾತನ್ನು ಅನುಮಾನದಿಂದ ನೋಡಬಹುದು. ಅದರ ಬದಲು ಬೀಜ ಎಲ್ಲಿಂದ ತರುತ್ತೀರಿ, ಯಾವ ದಿನ ಅರೆಯುತ್ತೀರಿ, ಎಫ್‌ಎಸ್‌ಎಸ್‌ಎಐನ (ಆಹಾರ ಸುರಕ್ಷತಾ ಪ್ರಾಧಿಕಾರ) 14 ಅಂಕಿಯ ಲೈಸೆನ್ಸ್ ನಂಬರ್ ಏನು ಅಂತ ಬರೆಯಿರಿ. ಯಾರು ಬೇಕಾದರೂ ಪರಿಶೀಲಿಸಬಹುದಾದ ಸಂಗತಿ ಅದು.

ಎಲ್ಲ ಬರೆದಾಯಿತು, ಸರಿಯಾಗಿದೆಯಾ ಅಂತ ಹೇಗೆ ತಿಳಿಯುವುದು? ಪುಟದ ಬರಹ ಪೂರ್ತಿ ಕಾಪಿ ಮಾಡಿ ಯಾವುದಾದರೂ ಎಐಗೆ ಹಾಕಿ. 'ಈ ಬರಹದಲ್ಲಿ ಇರುವುದನ್ನು ಮಾತ್ರ ನೋಡಿ ಉತ್ತರ ಹೇಳು, ಇಲ್ಲದಿದ್ದರೆ ಇಲ್ಲ ಅನ್ನು' ಅಂತ ಹೇಳಿ. ಆಮೇಲೆ ನೋಟ್‌ಬುಕ್ಕಿನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ. ಎಲ್ಲೆಲ್ಲಿ 'ಇಲ್ಲ' ಬರುತ್ತದೋ ಅಲ್ಲಲ್ಲಿ ಒಂದು ಸಾಲು ಸೇರಿಸಿ. ಚಾಟ್‌ಜಿಪಿಟಿ ಮೂಲಕ ಯಾರಾದರೂ ಸೈಟಿಗೆ ಬಂದರೆ ಅವರು ಒತ್ತಿದ ಲಿಂಕಿನ ಬಾಲದಲ್ಲಿ ಸಾಮಾನ್ಯವಾಗಿ ಅದರ ಹೆಸರು ಇರುತ್ತದೆ, ಸೈಟಿನ ಲೆಕ್ಕ ನೋಡುವವರಿಗೆ ಕಾಣುತ್ತದೆ. ಅಷ್ಟು ರಗಳೆ ಬೇಡ ಅಂದರೆ, ಹೊಸ ಗಿರಾಕಿ ಬಂದಾಗ 'ನಮ್ಮ ಅಂಗಡಿ ಹೇಗೆ ಗೊತ್ತಾಯ್ತು?' ಅಂತ ಬಾಯಿಬಿಟ್ಟು ಕೇಳಿ.

ನನ್ನ ಮಾತು ಇಷ್ಟು. ಈಗ ನೀವು ಕೇಳಿ.

ಬೇಕರಿಯವರೊಬ್ಬರು ಕೇಳಿದರು: 'ಬೆಲೆ ಎಲ್ಲ ಹಾಕಿಬಿಟ್ರೆ ಪಕ್ಕದ ಅಂಗಡಿಯವನು ನೋಡ್ತಾನಲ್ಲ ಸಾರ್?'

ಅಣ್ಣ, ಅವನಿಗೆ ಈಗಲೇ ಗೊತ್ತು. ಹುಡುಗನ್ನ ಕಳಿಸಿ ಅರ್ಧ ಕೆಜಿ ಕೇಕ್ ತರಿಸಿರುತ್ತಾನೆ. ಗೊತ್ತಿಲ್ಲದೆ ಇರುವುದು ಗಿರಾಕಿಗೆ ಮಾತ್ರ. ನಿಖರ ಬೆಲೆ ಹಾಕಲು ಮನಸ್ಸಿಲ್ಲದಿದ್ದರೆ 'ಒಂದು ಕೆಜಿ ಕೇಕ್ ಇಷ್ಟರಿಂದ ಶುರು' ಅಂತಾದರೂ ಹಾಕಿ.

ಹಪ್ಪಳ ಸಂಡಿಗೆ ಮಾಡುವ ಒಬ್ಬರು: 'ನಾನು ಮನೇಲೇ ಮಾಡೋದು. ಮನೆ ವಿಳಾಸ ಹಾಕಲೇಬೇಕಾ?'

ಬೇಡ ಅಕ್ಕ. ಯಾವ ಬಡಾವಣೆ, ಯಾವ ಊರಿನವರೆಗೆ ತಲುಪಿಸುತ್ತೀರಿ ಅಂತ ಬರೆಯಿರಿ, ಸಾಕು. ಗೂಗಲ್ ಮ್ಯಾಪಿನ ಬಿಸಿನೆಸ್ ಪ್ರೊಫೈಲಿನಲ್ಲೂ ವಿಳಾಸ ಮರೆಮಾಡಿ, ಸೇವೆ ಕೊಡುವ ಪ್ರದೇಶ ಮಾತ್ರ ತೋರಿಸುವ ಅವಕಾಶ ಇದೆ. ಒಮ್ಮೆ ಎಐ ಓದಿದ ವಿಳಾಸವನ್ನು ವಾಪಸ್ ತೆಗೆಸುವುದು ಸುಲಭ ಅಲ್ಲ, ಹಾಗಾಗಿ ನಿಮ್ಮ ಎಚ್ಚರ ಸರಿಯೇ.

ಯುವಕರೊಬ್ಬರು: 'ಎಐ ಅಲ್ಲೇ ಉತ್ತರ ಕೊಟ್ಟುಬಿಟ್ರೆ ನಮ್ಮ ಸೈಟಿಗೆ ಯಾರು ಬರ್ತಾರೆ?'

ಬರುವುದು ಕಮ್ಮಿ ಆಗಬಹುದು. ಜಾಹೀರಾತು ತೋರಿಸಿ ದುಡಿಯುವ ಸುದ್ದಿ ಸೈಟ್‌ಗಳಿಗೆ ಅದು ಹೊಟ್ಟೆಯ ಪ್ರಶ್ನೆ, ಅವರ ಸಿಟ್ಟು ನ್ಯಾಯವಾದದ್ದು. ಆದರೆ ಎಣ್ಣೆ ಬೇಕಾದವರು ಎಐಯಿಂದ ಎಣ್ಣೆ ಬಸಿದುಕೊಳ್ಳಲು ಆಗುವುದಿಲ್ಲವಲ್ಲ. ಕ್ಯಾನ್ ಹಿಡಿದು ನಿಮ್ಮ ಅಂಗಡಿಗೇ ಬರಬೇಕು. ಸೈಟಿಗೆ ಎಷ್ಟು ಜನ ಬಂದರು ಅಂತ ನೋಡಬೇಡಿ, ಅಂಗಡಿಗೆ ಎಷ್ಟು ಜನ ಬಂದರು ನೋಡಿ.

ಕೊನೆಗೆ ಹಿರಿಯರೊಬ್ಬರು ಎದ್ದು ನಿಂತರು: 'ನೀವು ಹೇಳಿದ್ದೆಲ್ಲ ಸರಿ. ಸೈಟ್ ಮಾಡಿಕೊಟ್ಟ ಹುಡುಗ ಈಗ ಫೋನ್ ಎತ್ತಲ್ಲ. ಪಾಸ್‌ವರ್ಡೂ ಇಲ್ಲ. ಏನ್ ತಿದ್ದೋದು?'

ಈ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ ಯಜಮಾನ್ರೆ. ಮೊದಲು ಸೈಟಿನ ಹೆಸರು, ಅಂದರೆ ಡೊಮೇನ್, ಯಾರ ಹೆಸರಲ್ಲಿ ನೋಂದಣಿ ಆಗಿದೆ ನೋಡಿ. ವರ್ಷಾ ವರ್ಷ ರಿನ್ಯೂವಲ್ ದುಡ್ಡು ಯಾರ ಕಾರ್ಡಿನಿಂದ ಹೋಗುತ್ತಿದೆ, ಬಿಲ್ ಯಾವ ಈಮೇಲ್‌ಗೆ ಬರುತ್ತಿದೆ? ಅದು ನಿಮ್ಮದೇ ಆಗಿದ್ದರೆ ನೋಂದಣಿ ಕಂಪನಿಗೆ ನೇರವಾಗಿ ಬರೆದು ಪಾಸ್‌ವರ್ಡ್ ಬದಲಿಸಿಕೊಳ್ಳಿ. ಹುಡುಗನ ಹೆಸರಲ್ಲಿದ್ದರೆ ಅವರ ಮನೆಯವರನ್ನಾದರೂ ಹಿಡಿದು ವರ್ಗಾವಣೆ ಮಾಡಿಸಿಕೊಳ್ಳಲು ನೋಡಿ. ಆಗದಿದ್ದರೆ ಹೊಸ ಡೊಮೇನ್ ನಿಮ್ಮ ಹೆಸರಲ್ಲೇ, ನಿಮ್ಮ ಈಮೇಲ್‌ನಲ್ಲೇ ತಗೊಂಡು ಒಂದೇ ಒಂದು ಪುಟ ಹಾಕಿ. ಗೂಗಲ್ ಮ್ಯಾಪಿನಲ್ಲಿ ಹಳೇ ಸೈಟಿನ ಲಿಂಕ್ ತೆಗೆದು ಹೊಸದು ಕೊಡಿ. ಸಭೆ ಮುಗಿದ ಮೇಲೆ ಹಳೇ ಬಿಲ್ ಇದ್ದರೆ ತನ್ನಿ, ಯಾವ ಕಂಪನಿಯಲ್ಲಿ ನೋಂದಣಿ ಆಗಿದೆ ಅಂತ ಇಲ್ಲೇ ನೋಡೋಣ.